ಹೇಳಿಕೊಂಡ ತಪ್ಪುಗಳು: ಅರಿವಳಿಕೆ ಸುರಕ್ಷಿತವಾದ ಕಥೆ

(ವಿಶ್ವ ಅರಿವಳಿಕೆ ದಿನದಂದು ನಮ್ಮೂರಿನ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಪರೇಷನ್ನಿನ ಹಿಂದಿನ ದಿನ ಸಂಜೆ ನಾನು ವಾರ್ಡಿಗೆ ಹೋಗಿ ರೋಗಿಯನ್ನು ಮಾತಾಡಿಸಿ ಬರುತ್ತೇನೆ. ಅರಿವಳಿಕೆ ಕೊಡುವುದು, ಅಂದರೆ ಆಪರೇಷನ್ನಿಗೆ ನಿದ್ದೆ ಬರಿಸುವುದು, ಇಪ್ಪತ್ತಾರು ವರ್ಷದಿಂದ ಇದೇ ನನ್ನ ಕೆಲಸ. ಅಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. "ಡಾಕ್ಟ್ರೇ, ಮತ್ತೆ ಎಚ್ಚರ ಆಗುತ್ತೆ ಅಲ್ವಾ?" ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಕೆಲವರು ಕೇಳುವುದಿಲ್ಲ, ಆದರೆ ಮಂಚದ ಸರಳನ್ನು ಹಿಡಿದಿರುವ ಕೈ ನೋಡಿದರೆ ಗೊತ್ತಾಗುತ್ತದೆ. ಕತ್ತರಿ ಹಿಡಿಯುವ ಸರ್ಜನ್ ಬಗ್ಗೆ ಇರುವುದಕ್ಕಿಂತ ಅರಿವಳಿಕೆ ಕೊಡುವವರ ಬಗ್ಗೆ ನಮ್ಮ ಜನಕ್ಕೆ ಭಯ ಜಾಸ್ತಿ.

"ಖಂಡಿತ ಆಗುತ್ತೆ" ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಆ ಧೈರ್ಯ ನನಗೆ ಎಲ್ಲಿಂದ ಬಂತು? ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಅದರ ಹಿಂದೆ ಬಹಳ ಜನ ಇದ್ದಾರೆ. ಅವರಲ್ಲಿ ನಾನು ಮೊದಲು ನೆನೆಯುವುದು ಒಬ್ಬ ಇಂಜಿನಿಯರನ್ನು. ಅವರ ಹೆಸರು ಜೆಫ್ರಿ ಕೂಪರ್.

ಈ ಕಥೆ ನಡೆಯುವುದು ಅಮೆರಿಕದ ಬಾಸ್ಟನ್ ನಗರದ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ. 1846ರ ಅಕ್ಟೋಬರ್ 16ರಂದು ಅಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಎಲ್ಲರ ಎದುರಿಗೆ ಒಬ್ಬ ರೋಗಿಗೆ ಈಥರ್ ಆವಿ ಕೊಟ್ಟರು. ಸರ್ಜನ್ ಜಾನ್ ವಾರೆನ್ ಆ ರೋಗಿಯ ಕತ್ತಿನ ಗಡ್ಡೆಗೆ ಕತ್ತರಿ ಹಾಕಿದರು. ರೋಗಿ ಕಿರುಚಲಿಲ್ಲ. ಇವತ್ತಿನ ದಿನವನ್ನು ನಾವು ಆಚರಿಸುವುದು ಅದರ ನೆನಪಿಗೇ.

ನೋವು ಹೋಯಿತು, ಸರಿ. ಆದರೆ ಜೀವ? ಅದೇ ಆಸ್ಪತ್ರೆಯ ಹೆನ್ರಿ ಬೀಚರ್ ಮತ್ತು ಡೊನಾಲ್ಡ್ ಟಾಡ್ 1954ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಹತ್ತು ಆಸ್ಪತ್ರೆ, ಐದು ವರ್ಷ, ಒಟ್ಟು 5,99,548 ಅರಿವಳಿಕೆಗಳು. ಅರಿವಳಿಕೆಯೇ ಮುಖ್ಯ ಕಾರಣವಾಗಿ ಅಥವಾ ದೊಡ್ಡ ಪಾಲು ವಹಿಸಿ ಸತ್ತವರು 1,560ಕ್ಕೆ ಒಬ್ಬರು. ಈ ಸಭಾಂಗಣದಲ್ಲಿ ಇನ್ನೂರೈವತ್ತು ಜನ ಇದ್ದೀರಿ ಅಂದುಕೊಳ್ಳೋಣ. ಇಂಥ ಆರು ಸಭಾಂಗಣ ತುಂಬಿದರೆ ಅದರಲ್ಲಿ ಒಬ್ಬರು. ಅದೂ ಯಾವ ಕಾಯಿಲೆಗೆ ಬಂದರೋ ಅದರಿಂದಲ್ಲ, ನಿದ್ದೆ ಬರಿಸಿದ್ದರಿಂದ.

ಕೂಪರ್ ಆ ಆಸ್ಪತ್ರೆಗೆ ಬಂದದ್ದು 1972ರಲ್ಲಿ. ಕೆಮಿಕಲ್ ಇಂಜಿನಿಯರಿಂಗ್ ಓದಿದವರು. ಸಂಶೋಧನೆಗೆ ಬೇಕಾದ ಉಪಕರಣಗಳನ್ನು ಮಾಡಿಕೊಡುವುದು ಅವರ ಕೆಲಸ. ಆದರೆ ಅವರು ವರ್ಕ್‌ಶಾಪಿನಲ್ಲೇ ಕೂರಲಿಲ್ಲ. ಆಪರೇಷನ್ ಥಿಯೇಟರಿನೊಳಗೆ ಬಂದು, ಮೂಲೆಯಲ್ಲಿ ನಿಂತು, ಅರಿವಳಿಕೆ ಕೊಡುವವರು ಏನು ಮಾಡುತ್ತಾರೆ ಅಂತ ನೋಡಿದರು.

ಅವರು ನೋಡಿದ್ದೇನು ಅಂತ ತಿಳಿಯಬೇಕಾದರೆ ನಮ್ಮ ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು. ನಾವು ಅದನ್ನು ಈಗಲೂ ಬಾಯ್ಲ್ಸ್ ಮಷೀನ್ ಅಂತೀವಿ. ಅದಕ್ಕೆ ಗೋಡೆಯಿಂದಲೋ ಸಿಲಿಂಡರಿನಿಂದಲೋ ಆಕ್ಸಿಜನ್ ಬರುತ್ತದೆ, ಜೊತೆಗೆ ನೈಟ್ರಸ್ ಆಕ್ಸೈಡ್ ಬರುತ್ತದೆ. ಒಂದೊಂದಕ್ಕೂ ಒಂದು ತಿರುಪು. ನಿದ್ದೆ ಬರಿಸುವ ಆವಿಗೆ ಇನ್ನೊಂದು ತಿರುಪು. ಎಲ್ಲ ಬೆರೆತು ಸುಕ್ಕುಸುಕ್ಕಾದ ಕೊಳವೆಯೊಳಗೆ ಹೋಗಿ, ರೋಗಿಯ ಗಂಟಲಿನ ಟ್ಯೂಬಿಗೆ ಸೇರುತ್ತದೆ. ಕೊಳವೆಯನ್ನು ಟ್ಯೂಬಿಗೆ ಸುಮ್ನೆ ಒತ್ತಿ ಸಿಕ್ಕಿಸಿರುತ್ತೇವೆ. ಸರ್ಜನ್ ಮೊಣಕೈ ತಗುಲಿದರೂ ಸಾಕು, ಕಳಚಿಕೊಳ್ಳಬಹುದು. ಮೇಲೆ ಹಸಿರು ಬಟ್ಟೆ ಹೊದಿಸಿರುವುದರಿಂದ ಕಳಚಿದ್ದು ಕಾಣುವುದೂ ಇಲ್ಲ.

ಆಗಿನ ಯಂತ್ರಗಳಲ್ಲಿ ಒಂದರಲ್ಲಿ ತಿರುಪನ್ನು ಬಲಕ್ಕೆ ತಿರುಗಿಸಿದರೆ ಔಷಧಿ ಜಾಸ್ತಿ, ಇನ್ನೊಂದರಲ್ಲಿ ಹಾಗೇ ತಿರುಗಿಸಿದರೆ ಕಡಿಮೆ. ನೆಂಟರ ಮನೆಗೆ ಹೋದಾಗ ಬಚ್ಚಲುಮನೆಯಲ್ಲಿ ಬಿಸಿನೀರಿನ ನಲ್ಲಿ ಎಡಕ್ಕೋ ಬಲಕ್ಕೋ ಗೊತ್ತಾಗದೆ ಮೈ ಸುಟ್ಟುಕೊಂಡವರು ಇಲ್ಲಿ ಇರಬಹುದು. ಅದು ನಿಮ್ಮ ದಡ್ಡತನ ಅಂತ ಯಾರೂ ಹೇಳುವುದಿಲ್ಲ. ಕೈ ತನ್ನ ಮನೆಯ ರೂಢಿಯಂತೆ ಹೋಗುತ್ತದೆ. ಅರಿವಳಿಕೆ ಕೊಡುವವರ ಕೈಯೂ ಹಾಗೇ. 1974ರಲ್ಲಿ ಕೂಪರ್ ಒಂದು ಉಪನ್ಯಾಸ ಕೊಟ್ಟರು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ಇಷ್ಟು: ಅರಿವಳಿಕೆ ಯಂತ್ರ, ಯಾವತ್ತು ಬೇಕಾದರೂ ಆಗಬಹುದಾದ ಅಪಘಾತ.

ಯಂತ್ರದ ತಪ್ಪು ಅಂದರೆ ಸಾಕಾ? ಅಸಲಿಗೆ ಥಿಯೇಟರಿನಲ್ಲಿ ಏನೇನು ತಪ್ಪಾಗುತ್ತಿದೆ? ಅದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸತ್ತವರ ಲೆಕ್ಕ ಇತ್ತು. ಆದರೆ ಸಾಯುವ ಹಂತಕ್ಕೆ ಹೋಗಿ ಬದುಕಿದವರ ಲೆಕ್ಕ ಯಾರೂ ಇಟ್ಟಿರಲಿಲ್ಲ. ಕೂಪರ್ ದಾರಿ ಹುಡುಕಿದ್ದು ವಿಮಾನದವರ ಹತ್ತಿರ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ವಾಯುಪಡೆಯವರನ್ನು ಕೂರಿಸಿಕೊಂಡು ಕೇಳುತ್ತಿದ್ದರು: ಎಲ್ಲಿ ಎಡವಿದಿರಿ, ಎಲ್ಲಿ ಕೂದಲೆಳೆಯಲ್ಲಿ ಪಾರಾದಿರಿ, ಆ ಹೊತ್ತಿಗೆ ಏನಾಗುತ್ತಿತ್ತು?

ಕೂಪರ್ ಮತ್ತು ಅವರ ಸಂಗಡಿಗರು ಅದೇ ಕೆಲಸಕ್ಕೆ ಇಳಿದರು. ಅರಿವಳಿಕೆ ಸಿಬ್ಬಂದಿ ಜೊತೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದರು. ಒಟ್ಟು 47 ಸಂದರ್ಶನಗಳು. ಹೊರಗೆ ಬಂದದ್ದು ತಡೆಯಬಹುದಾಗಿದ್ದ 359 ಘಟನೆಗಳು.

ಈ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲೋಣ. ಅದು 1970ರ ದಶಕ. ಡಾಕ್ಟರ್ ತಪ್ಪು ಮಾಡುತ್ತಾರೆ ಅನ್ನುವುದನ್ನೇ ಯಾರೂ ಬಾಯಿಬಿಟ್ಟು ಆಡದ ಕಾಲ. ಅಂಥ ಹೊತ್ತಿನಲ್ಲಿ ಒಬ್ಬ ಇಂಜಿನಿಯರ್ ಮತ್ತು ಅವರ ತಂಡದ ಮುಂದೆ ಕೂತು ಅಷ್ಟು ಜನ ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳಿದರು. ನನ್ನ ಮಟ್ಟಿಗೆ, ಅರಿವಳಿಕೆಯ ಚರಿತ್ರೆಯಲ್ಲಿ ಈಥರ್ ಬಂದ ದಿನ ಎಷ್ಟು ದೊಡ್ಡದೋ ಇವರೆಲ್ಲ ಬಾಯಿಬಿಟ್ಟ ದಿನಗಳೂ ಅಷ್ಟೇ ದೊಡ್ಡವು.

1978ರಲ್ಲಿ ಅಧ್ಯಯನ ಪ್ರಕಟವಾಯಿತು. ನೂರರಲ್ಲಿ 82 ಘಟನೆಗಳಲ್ಲಿ ಮನುಷ್ಯರ ತಪ್ಪಿತ್ತು. ಯಂತ್ರವೇ ಕೆಟ್ಟು ನಿಂತದ್ದು ಬರೀ 14. ಪದೇ ಪದೇ ಬಂದ ತಪ್ಪುಗಳು ಯಾವುವು ಗೊತ್ತಾ? ಉಸಿರಾಟದ ಕೊಳವೆ ಕಳಚಿಕೊಳ್ಳುವುದು. ಗೊತ್ತಿಲ್ಲದೆ ಗ್ಯಾಸಿನ ಹರಿವು ಬದಲಾಗುವುದು. ಒಂದು ಸಿರಿಂಜಿನ ಬದಲು ಇನ್ನೊಂದು ಎತ್ತಿಕೊಳ್ಳುವುದು. ಘನವಾದ ವೈದ್ಯಶಾಸ್ತ್ರದ ಒಗಟು ಒಂದೂ ಇಲ್ಲ. ಎಲ್ಲ ಇಷ್ಟಿಷ್ಟೇ ಸಣ್ಣ ವಿಷಯ.

82 ಅಂದ ಕೂಡಲೇ "ನೋಡಿ, ಡಾಕ್ಟರುಗಳದ್ದೇ ತಪ್ಪು" ಅಂತ ಪುಸ್ತಕ ಮುಚ್ಚಿಬಿಡಬಹುದಿತ್ತು. ಕೂಪರ್ ಹಾಗೆ ಮಾಡಲಿಲ್ಲ. ಆ 82ರ ಒಳಗೆ ಮತ್ತೆ ಇಳಿದರು. ಕೈ ತಪ್ಪಿದ್ದು ಮನುಷ್ಯರದ್ದೇ, ಆದರೆ ತಿರುಪುಗಳನ್ನು ಹಾಗೆ ಇಟ್ಟವರು ಯಾರು? ಆ ಯಂತ್ರ ಅವರಿಗೆ ಹೊಸದಾಗಿತ್ತಾ? ಯಾರಾದರೂ ಅವಸರ ಮಾಡಿಸುತ್ತಿದ್ದರಾ? ಸರ್ಜನ್ ಹೇಳಿದ ಮಾತು ಇವರಿಗೆ ಕೇಳಿಸಿತ್ತಾ? ಯಂತ್ರದ ವಿನ್ಯಾಸ, ಅನುಭವದ ಕೊರತೆ, ಆತುರ, ಗಮನ ಬೇರೆ ಕಡೆ ಹೋದದ್ದು, ಒಬ್ಬರಿಗೊಬ್ಬರು ಮಾತಾಡದಿದ್ದದ್ದು, ಇವೆಲ್ಲ ಒಂದೊಂದಾಗಿ ಮೇಲೆ ಬಂದವು. ಒಬ್ಬರನ್ನು ಕೆಲಸದಿಂದ ತೆಗೆದರೆ ಆ ತಿರುಪು ಅಲ್ಲೇ ಇರುತ್ತದೆ, ನಾಳೆ ಬರುವವರ ಕೈಗಾಗಿ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನನ್ನದೇ ಒಂದು ಘಟನೆ ಹೇಳುತ್ತೇನೆ. ಆಸ್ಪತ್ರೆ ಯಾವುದು ಅನ್ನುವುದು ಬೇಡ. ನಾನು ಕೆಲಸ ಶುರು ಮಾಡಿ ಎರಡು ವರ್ಷವಾಗಿತ್ತು. ಆ ದಿನದ ಕೊನೆಯ ಕೇಸು, ಹರ್ನಿಯಾ. ರೋಗಿಗೆ ನಲವತ್ತರ ಹತ್ತಿರ ವಯಸ್ಸು.

ಆಪರೇಷನ್ ಹೊತ್ತಿನಲ್ಲಿ ಸ್ನಾಯುಗಳನ್ನು ಸಡಿಲ ಮಾಡುವ ಔಷಧಿ ಕೊಡುತ್ತೇವೆ. ಅದನ್ನು ಕೊಟ್ಟರೆ ರೋಗಿ ತಾನಾಗಿ ಉಸಿರಾಡಲಾರ, ಯಂತ್ರ ಉಸಿರಾಡಿಸುತ್ತದೆ. ಕೊನೆಯಲ್ಲಿ ಅದನ್ನು ಇಳಿಸಲು ಇನ್ನೊಂದು ಔಷಧಿ. ಅದಕ್ಕೆ ನಾವು ರಿವರ್ಸಲ್ ಅನ್ನುತ್ತೇವೆ. ಔಷಧಿ ಇಡುವ ಟ್ರೇಯಲ್ಲಿ ಎರಡು ಸಿರಿಂಜ್ ಇದ್ದವು. ಎರಡೂ ಐದು ಎಂ.ಎಲ್.ನವು, ಎರಡರೊಳಗೂ ನೀರಿನಂಥ ದ್ರವ. ಬಿಳಿ ಪ್ಲಾಸ್ಟರ್ ಅಂಟಿಸಿ ಪೆನ್ನಿನಲ್ಲಿ ಹೆಸರು ಬರೆದಿದ್ದೆ. ಸ್ಪಿರಿಟ್ ತಗುಲಿ ಶಾಯಿ ಹರಡಿತ್ತು.

ಹೊಲಿಗೆ ಮುಗಿಯಿತು. ರೋಗಿಯ ಎದೆ ಸಣ್ಣಗೆ ಏರಿಳಿಯತೊಡಗಿತ್ತು. ಕೈಯಲ್ಲಿದ್ದ, ಉಸಿರು ಕೊಡುವ ಬ್ಯಾಗಿನಲ್ಲಿ ಅವರ ಉಸಿರಿನ ಎಳೆತ ತಿಳಿಯುತ್ತಿತ್ತು. ರಿವರ್ಸಲ್ ಅಂದುಕೊಂಡು ಸಿರಿಂಜ್ ಎತ್ತಿ ಕೊಟ್ಟೆ. ಒಂದೆರಡು ನಿಮಿಷ ಕಳೆಯುವುದರೊಳಗೆ ಬ್ಯಾಗಿನ ಎಳೆತ ನಿಂತೇ ಹೋಯಿತು. ಎದೆ ಅಲುಗಲಿಲ್ಲ. ಟ್ರೇ ನೋಡಿದೆ. ರಿವರ್ಸಲ್ ಸಿರಿಂಜ್ ತುಂಬಿದ್ದು ತುಂಬಿದ ಹಾಗೇ ಇತ್ತು.

ರೋಗಿಗೆ ಏನೂ ಆಗಲಿಲ್ಲ. ಮತ್ತೆ ನಿದ್ದೆಗೆ ಕಳಿಸಿ, ಮುಕ್ಕಾಲು ಗಂಟೆ ಉಸಿರು ಕೊಡುತ್ತಾ ನಿಂತೆ. ಔಷಧಿಯ ಪ್ರಭಾವ ಇಳಿದ ಮೇಲೆ ಸರಿಯಾದ ಸಿರಿಂಜ್ ಕೊಟ್ಟೆ, ಅವರು ಕಣ್ಣು ಬಿಟ್ಟರು. ಕೇಸ್ ಶೀಟಿನಲ್ಲಿ ಏನು ಬರೆದೆ ಗೊತ್ತಾ? "ಎಚ್ಚರವಾಗುವುದು ಸ್ವಲ್ಪ ತಡವಾಯಿತು." ಅಷ್ಟೇ. ಸರ್ಜನ್‌ಗೆ ಹೇಳಲಿಲ್ಲ. ಸಿಸ್ಟರ್‌ಗೆ ಹೇಳಲಿಲ್ಲ. ಆ ರೋಗಿಗಂತೂ ಹೇಳಲೇ ಇಲ್ಲ. ಹೇಳಬೇಕಾಗಿತ್ತು. ಇವತ್ತಿಗೂ ಅದು ನನ್ನನ್ನು ಕುಟುಕುತ್ತದೆ.

ಏಳೆಂಟು ವರ್ಷದ ಮೇಲೆ, ಅರಿವಳಿಕೆಯವರೇ ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಕೂಪರ್ ಅವರ ಅಧ್ಯಯನದ ಮಾತು ಬಂತು. ಧೈರ್ಯ ಮಾಡಿ ನನ್ನ ಕಥೆ ಹೇಳಿದೆ. ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ನಮಗೆಲ್ಲ ಹಿರಿಯರಾದ ಸರ್ ಒಬ್ಬರು, "ನನಗೂ ಆಗಿದೆ ಕಣಮ್ಮ" ಅಂದರು. ಇನ್ನೊಬ್ಬರು ಕೈ ಎತ್ತಿದರು. ಮತ್ತೊಬ್ಬರು. ಅದೇ ಎರಡು ಔಷಧಿ, ಅದೇ ಕೊನೆಯ ಹೊತ್ತು. ಆ ಹಿರಿಯರಿಗೆ ಆದದ್ದು ನಾನು ಶಾಲೆಯಲ್ಲಿ ಓದುತ್ತಿದ್ದಾಗ. ಅವರು ಆವತ್ತೇ ಎಲ್ಲರೆದುರು ಹೇಳಿದ್ದರೆ ನನ್ನ ಟ್ರೇಯಲ್ಲಿ ಆ ಎರಡು ಸಿರಿಂಜ್ ಪಕ್ಕಪಕ್ಕ ಇರುತ್ತಿರಲಿಲ್ಲವೇನೋ. ನಾನು ಹೇಳಿದ್ದರೆ ನನ್ನ ನಂತರದವರ ಟ್ರೇಯಲ್ಲೂ ಇರುತ್ತಿರಲಿಲ್ಲ.

ಈಗ ನಮ್ಮ ಥಿಯೇಟರಿನಲ್ಲಿ ಅಂಟಿಸುವ ಲೇಬಲ್ಲುಗಳಿಗೆ ಬಣ್ಣವಿದೆ. ಸ್ನಾಯು ಸಡಿಲಿಸುವುದಕ್ಕೆ ಕಡು ಕೆಂಪು. ಅದನ್ನು ಇಳಿಸುವ ಔಷಧಿಗೆ ಅದೇ ಕೆಂಪಿನ ಮೇಲೆ ಓರೆಯಾಗಿ ಬಿಳಿ ಪಟ್ಟೆ. ನೋವಿನ ಔಷಧಿಗೆ ನೀಲಿ, ನಿದ್ದೆಯ ಔಷಧಿಗೆ ಹಳದಿ. ಇದು ಅಂತಾರಾಷ್ಟ್ರೀಯ ಪದ್ಧತಿ. ನೋಡಿದರೆ ಬರೀ ಒಂದು ಬಣ್ಣದ ಕಾಗದ. ಅದರ ಬೆಲೆ ನನಗೆ ಗೊತ್ತು.

ಮತ್ತೆ ಬಾಸ್ಟನ್ನಿಗೆ ಹೋಗೋಣ. ಕೂಪರ್ ಬರೆದದ್ದನ್ನು ಆಗ ಎಲ್ಲರೂ ತಲೆಮೇಲೆ ಹೊತ್ತುಕೊಳ್ಳಲಿಲ್ಲ. 1982ರ ಏಪ್ರಿಲ್‌ನಲ್ಲಿ ಅಮೆರಿಕದ ಎಬಿಸಿ ಟಿವಿ ಅರಿವಳಿಕೆಯ ಅನಾಹುತಗಳ ಬಗ್ಗೆ ಒಂದು ಕಾರ್ಯಕ್ರಮ ಪ್ರಸಾರ ಮಾಡಿತು. ಜನ ಬೆಚ್ಚಿಬಿದ್ದರು. ಇಂಥ ಹೊತ್ತಿನಲ್ಲಿ ಯಾವುದೇ ವೃತ್ತಿಯವರು ಬಾಗಿಲು ಹಾಕಿಕೊಳ್ಳುವುದು ಸಹಜ. ಹಾಗಾಗಲಿಲ್ಲ, ಯಾಕೆಂದರೆ ಅಲ್ಲಿ ಎಲಿಸನ್ ಪಿಯರ್ಸ್ ಇದ್ದರು. ಅವರೂ ಬಾಸ್ಟನ್ನಿನ ಅರಿವಳಿಕೆ ವೈದ್ಯರು. ಸ್ನೇಹಿತರ ಮಗಳೊಬ್ಬಳು ಹಲ್ಲು ತೆಗೆಸಲು ಹೋಗಿ ಅರಿವಳಿಕೆಯಲ್ಲೇ ತೀರಿಕೊಂಡಿದ್ದಳು. ಆ ಸಾವು ಅವರನ್ನು ಬಿಡಲಿಲ್ಲ. 1984ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರ ಸಂಘಕ್ಕೆ ಅಧ್ಯಕ್ಷರಾದರು. ಅದೇ ವರ್ಷ ಕೂಪರ್, ಪಿಯರ್ಸ್ ಮತ್ತು ಕೂಪರ್ ಅವರ ವಿಭಾಗದ ಮುಖ್ಯಸ್ಥ ರಿಚರ್ಡ್ ಕಿಟ್ಜ್ ಸೇರಿ ಬಾಸ್ಟನ್ನಿನಲ್ಲಿ ಅಂತಾರಾಷ್ಟ್ರೀಯ ಸಮಾವೇಶ ಮಾಡಿದರು. ವಿಷಯ ಒಂದೇ, ತಡೆಯಬಹುದಾದ ಸಾವುನೋವು. ಮರುವರ್ಷ, 1985ರಲ್ಲಿ, ಅರಿವಳಿಕೆ ರೋಗಿ ಸುರಕ್ಷತಾ ಪ್ರತಿಷ್ಠಾನ ಹುಟ್ಟಿತು. ಅರಿವಳಿಕೆಯಿಂದ ಯಾವ ರೋಗಿಗೂ ಹಾನಿಯಾಗಬಾರದು ಅನ್ನುವುದು ಅದರ ಸಂಕಲ್ಪ. ಕಡಿಮೆಯಾಗಬೇಕು ಅಂತಲ್ಲ, ಆಗಲೇಬಾರದು. ವೈದ್ಯರು, ದಾದಿಯರು, ಯಂತ್ರ ತಯಾರಿಸುವವರು, ವಿಮೆಯವರು, ವಕೀಲರು, ಎಲ್ಲರೂ ಒಂದೇ ಮೇಜಿಗೆ ಬಂದರು.

1986ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಆಸ್ಪತ್ರೆಗಳು ಅರಿವಳಿಕೆಗೆ ತಾವು ಬರೆದ ನಿಯಮಗಳನ್ನು ಪ್ರಕಟಿಸಿದವು. ಅರಿವಳಿಕೆ ಕೊಡುವವರು ಕೋಣೆ ಬಿಟ್ಟು ಹೋಗಬಾರದು. ಐದು ನಿಮಿಷಕ್ಕೊಮ್ಮೆಯಾದರೂ ಬಿಪಿ, ನಾಡಿ ನೋಡಲೇಬೇಕು. ಕೊಳವೆ ಕಳಚಿದರೆ ಕೂಗುವ ಅಲಾರಂ ಇರಬೇಕು. ಇಷ್ಟು ಸರಳ ಮಾತನ್ನೂ ಯಾರಾದರೂ ನಿಯಮ ಅಂತ ಬರೆಯಬೇಕಾಯಿತು.

ಇದೇ ಹೊತ್ತಿಗೆ ಎರಡು ಉಪಕರಣ ಕೈ ಸೇರಿದ್ದವು. ಒಂದು ನಿಮಗೆಲ್ಲ ಗೊತ್ತು. ಕೋವಿಡ್ ಕಾಲದಲ್ಲಿ ಮನೆಮನೆಗೂ ತಂದು ಬೆರಳಿಗೆ ಸಿಕ್ಕಿಸಿಕೊಂಡು ಕೂತಿದ್ದೆವಲ್ಲ, ಆ ಪಲ್ಸ್ ಆಕ್ಸಿಮೀಟರ್. ಅದರ ಮೂಲ ಯೋಚನೆ ಜಪಾನಿನ ನಿಹಾನ್ ಕೋಡೆನ್ ಕಂಪನಿಯ ಇಂಜಿನಿಯರ್ ತಕುವೊ ಅಯೋಯಾಗಿ ಅವರದ್ದು. ಅವರು ಬೇರೇನನ್ನೋ ಅಳೆಯಲು ಹೊರಟಿದ್ದರು. ರಕ್ತಕ್ಕೆ ಬಣ್ಣ ಚುಚ್ಚಿ, ಕಿವಿಯ ಹಾಲೆಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ದೂಡುತ್ತದೆ ಅಂತ ನೋಡುವ ಪ್ರಯತ್ನ. ನಾಡಿಯ ಬಡಿತ ಮಧ್ಯೆ ಮಧ್ಯೆ ಬಂದು ಗೆರೆಯನ್ನು ಅಲುಗಿಸುತ್ತಿತ್ತು. ಅದನ್ನು ಅಳಿಸಲು ಹೋದಾಗ ಹೊಳೆಯಿತು, ಆ ಅಲುಗಾಟದಲ್ಲೇ ರಕ್ತದ ಆಕ್ಸಿಜನ್ ಲೆಕ್ಕ ಅಡಗಿದೆ ಅಂತ. 1974ರಲ್ಲಿ ಅವರು ಇದನ್ನು ಮಂಡಿಸಿದರು. 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಜಗತ್ತೆಲ್ಲ ಅವರ ಯಂತ್ರವನ್ನು ಬೆರಳಿಗೆ ಹಾಕಿಕೊಳ್ಳುತ್ತಿದ್ದ ಹೊತ್ತದು.

ಥಿಯೇಟರಿನಲ್ಲಿ ಆ ಯಂತ್ರಕ್ಕೆ ಒಂದು ದನಿ ಇದೆ. ಪ್ರತಿ ಬಡಿತಕ್ಕೂ ಟಿಕ್, ಟಿಕ್ ಅನ್ನುತ್ತದೆ. ಆಕ್ಸಿಜನ್ ಇಳಿದ ಹಾಗೆ ಆ ಟಿಕ್‌ನ ಶ್ರುತಿಯೂ ಇಳಿಯುತ್ತದೆ. ನಾನು ಔಷಧಿ ತುಂಬುತ್ತಾ ಬೆನ್ನು ತಿರುಗಿಸಿ ನಿಂತಿದ್ದರೂ ಕಿವಿ ಅಲ್ಲೇ ಇರುತ್ತದೆ. ಶ್ರುತಿ ಒಂದಿಷ್ಟು ಇಳಿಯಲಿ, ತಲೆ ತಾನಾಗಿ ಆ ಕಡೆ ತಿರುಗುತ್ತದೆ. ಇದು ಬರುವ ಮೊದಲು ನಮ್ಮ ಹಿರಿಯರು ರೋಗಿಯ ತುಟಿ, ಉಗುರಿನ ಬಣ್ಣ ನೋಡಿ ಹೇಳಬೇಕಿತ್ತು. ತುಟಿ ನೀಲಿಯಾದದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಇನ್ನೊಂದು ಕ್ಯಾಪ್ನೋಗ್ರಾಫ್. ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ಗೆರೆ ಎಳೆದು ತೋರಿಸುತ್ತದೆ. ಟ್ಯೂಬ್ ಶ್ವಾಸನಾಳಕ್ಕೆ ಹೋಗುವ ಬದಲು ಅನ್ನನಾಳಕ್ಕೆ ಹೋದರೆ ಕೆಲವೇ ಉಸಿರಿನಲ್ಲಿ ಆ ಗೆರೆ ಮಲಗಿಬಿಡುತ್ತದೆ. ಆಕ್ಸಿಮೀಟರ್ ಅದನ್ನು ಹೇಳುವುದು ನಿಮಿಷಗಳ ಮೇಲೆ. ಎರಡರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನನಗೆ ಆರಿಸಲು ಬಹಳ ಕಷ್ಟ. ಎರಡೂ ಇಲ್ಲದ ಕಡೆ ಪೂರ್ತಿ ಅರಿವಳಿಕೆ ಕೊಡಲು ನಾನು ಒಪ್ಪುವುದಿಲ್ಲ.

ಇದರಿಂದ ಎಷ್ಟು ಬದಲಾಯಿತು? 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವೈದ್ಯಕೀಯ ತಪ್ಪುಗಳ ಮೇಲೆ ವರದಿ ಕೊಟ್ಟಿತು. 1980ರ ದಶಕದ ಆರಂಭದಲ್ಲಿ ಹತ್ತು ಸಾವಿರಕ್ಕೆ ಎರಡು ಇದ್ದ ಅರಿವಳಿಕೆಯ ಸಾವು, ಎರಡು ಮೂರು ಲಕ್ಷಕ್ಕೆ ಒಂದಕ್ಕೆ ಇಳಿದಿದೆ ಅಂತ ಅದರಲ್ಲಿ ಬರೆದಿದ್ದರು. ಈ ಲೆಕ್ಕವನ್ನು ಪ್ರಶ್ನೆ ಮಾಡಿದ ಸಂಶೋಧಕರೂ ಇದ್ದಾರೆ. ಆರೋಗ್ಯವಾಗಿರುವವರನ್ನು ಮಾತ್ರ ಎಣಿಸುತ್ತೀರೋ, ವಯಸ್ಸಾದವರು ಹೃದ್ರೋಗಿಗಳೆಲ್ಲರನ್ನೂ ಸೇರಿಸುತ್ತೀರೋ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಹಾಗಾಗಿ ಒಂದೇ ಸಂಖ್ಯೆ ಹಿಡಿದು ನಾನು ಭಾಷಣ ಮಾಡುವುದಿಲ್ಲ. ಇಳಿದದ್ದಂತೂ ನಿಜ, ಬಹಳ ಇಳಿದದ್ದೂ ನಿಜ.

ಕೂಪರ್ ಅಲ್ಲಿಗೆ ನಿಲ್ಲಲಿಲ್ಲ. ಒಬ್ಬರು ಕೇಸಿನ ನಡುವೆ ಇನ್ನೊಬ್ಬರಿಗೆ ಒಪ್ಪಿಸಿ ಹೋಗುವುದು ಅಪಾಯ ಅಂತ ಎಲ್ಲರೂ ನಂಬಿದ್ದರು. ಅವರು ಲೆಕ್ಕ ತೆಗೆದು ನೋಡಿದರೆ, ಹೊಸದಾಗಿ ಬಂದವರ ಕಣ್ಣಿಗೇ ಹಳಬರ ತಪ್ಪು ಬಿದ್ದ ಸಲ ಜಾಸ್ತಿ ಇತ್ತು. ನನಗೆ ಇದು ತುಂಬಾ ಇಷ್ಟವಾದ ವಿಷಯ. 1993ರಲ್ಲಿ ಅವರು ಬಾಸ್ಟನ್ನಿನಲ್ಲಿ ಸಿಮ್ಯುಲೇಷನ್ ಕೇಂದ್ರ ಕಟ್ಟುವುದರಲ್ಲಿ ಮುಂದಾದರು. ಪೈಲಟ್‌ಗಳು ನೆಲದ ಮೇಲೆ ಕೂತು ಅಪಘಾತ ಎದುರಿಸುವುದನ್ನು ಕಲಿಯುತ್ತಾರಲ್ಲ, ಹಾಗೆ ಡಾಕ್ಟರುಗಳು ಗೊಂಬೆಯ ಮೇಲೆ ಕಲಿಯುವ ಜಾಗ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಹೇಳಿಕೊಳ್ಳುವುದು ಬರೀ ನಮ್ಮ ಕೆಲಸ ಅಂದುಕೊಳ್ಳಬೇಡಿ.

ಕೆಲವು ವರ್ಷದ ಹಿಂದೆ ಒಬ್ಬ ಅಜ್ಜಿ ಪಿತ್ತಕೋಶದ ಆಪರೇಷನ್ನಿಗೆ ಬಂದಿದ್ದರು. ಟೇಬಲ್ಲಿನ ಮೇಲೆ ಮಲಗಿಸಿದ್ದೆವು. ಏನೂ ತಿಂದಿಲ್ಲ ಅಂತ ಸೊಸೆ ಸಹಿ ಹಾಕಿದ್ದರು. ಮಾಸ್ಕ್ ಇಡಲು ಬಗ್ಗಿದಾಗ ನನಗೆ ಕಾಫಿಯ ವಾಸನೆ ಬಂತು. "ಅಜ್ಜಿ, ಬೆಳಗ್ಗೆ ಏನಾದ್ರೂ ಕುಡಿದ್ರಾ?" ಅಂದೆ. ಅವರು ಒಂದು ಕ್ಷಣ ಸೊಸೆ ಎಲ್ಲಿದ್ದಾಳೆ ಅಂತ ನೋಡಿದರು. "ಒಂದೇ ಲೋಟ ಕಣಮ್ಮ. ಹೇಳಿದ್ರೆ ಬೈತೀರ ಅಂತ ಸುಮ್ನಿದ್ದೆ" ಅಂದರು.

ಹಾಲು ಹಾಕಿದ ಕಾಫಿ ನಮ್ಮ ಲೆಕ್ಕದಲ್ಲಿ ಊಟದ ಸಮ. ಹೊಟ್ಟೆಯಿಂದ ಇಳಿಯಲು ಆರು ಗಂಟೆ ಬಿಡಬೇಕು. ಬರೀ ನೀರಾದರೆ ಎರಡು ಗಂಟೆ ಸಾಕು. ಅರಿವಳಿಕೆಯ ನಿದ್ದೆಯಲ್ಲಿ ಕೆಮ್ಮು ಬರುವುದಿಲ್ಲ. ಹೊಟ್ಟೆಯಲ್ಲಿರುವುದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಪರೇಷನ್ ಮಧ್ಯಾಹ್ನಕ್ಕೆ ಮುಂದೂಡಿದೆವು. ಯಾರೂ ಬೈಯಲಿಲ್ಲ. ನಾನು ಕೇಸ್ ಶೀಟಿನಲ್ಲಿ "ಸ್ವಲ್ಪ ತಡವಾಯಿತು" ಅಂತ ಬರೆದದ್ದು, ಅಜ್ಜಿ ಕಾಫಿ ಮುಚ್ಚಿಟ್ಟದ್ದು, ಎರಡೂ ಒಂದೇ ಭಯದಿಂದ ಹುಟ್ಟಿದ್ದು.

ಹಾಗಾಗಿ ಹೇಳಿ. ಹಲ್ಲು ಅಲುಗಾಡುತ್ತಿದ್ದರೆ, ಕಟ್ಟಿಸಿದ ಹಲ್ಲಿದ್ದರೆ ಹೇಳಿ. ಬೀಡಿ, ಸಿಗರೇಟು, ಎಲೆಅಡಿಕೆ, ಗುಟ್ಕಾ, ಕುಡಿತ, ಹೆಂಡತಿಯ ಎದುರು ಹೇಳಲು ಆಗದಿದ್ದರೆ ಅವರನ್ನು ಹೊರಗೆ ಕಳಿಸಿ ಹೇಳಿ. ನಾಟಿ ಔಷಧಿ ತಗೊಳ್ತಿದ್ದರೆ ಅದನ್ನೂ. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಲ್ಲಿ ತೊಂದರೆಯಾಗಿತ್ತಾ, ಅದನ್ನಂತೂ ಮರೆಯದೆ ಹೇಳಿ. ಥಿಯೇಟರಿನಲ್ಲಿ ನಿಮ್ಮ ಹೆಸರು, ಯಾವ ಆಪರೇಷನ್, ಯಾವ ಕಡೆ ಅಂತ ಮೂರು ನಾಲ್ಕು ಸಲ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಚೆಕ್‌ಲಿಸ್ಟ್ ಅದು. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಆಪರೇಷನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು. "ಮೇಡಂ, ಡಾಕ್ಟ್ರು ತಪ್ಪು ಒಪ್ಪಿಕೊಂಡ್ರೆ ಕೇಸ್ ಹಾಕಲ್ವಾ? ಗಲಾಟೆ ಮಾಡಲ್ವಾ?"

ಮಾಡುತ್ತಾರೆ. ಆಸ್ಪತ್ರೆಯ ಗಾಜು ಒಡೆದದ್ದನ್ನು ನಾನೇ ನೋಡಿದ್ದೇನೆ. ಆ ಭಯ ಸುಳ್ಳಲ್ಲ. ರೋಗಿಗೆ ಹಾನಿಯಾದಾಗ ಅವರಿಗೂ ಮನೆಯವರಿಗೂ ನಿಜ ಹೇಳಲೇಬೇಕು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಹಾನಿಯಾಗುವ ಮೊದಲೇ ಕೂದಲೆಳೆಯಲ್ಲಿ ತಪ್ಪಿದವು ಇರುತ್ತವಲ್ಲ, ಅವು ಎಷ್ಟೋ ಪಟ್ಟು ಜಾಸ್ತಿ. ಅವನ್ನು ಹೇಳಿಕೊಳ್ಳಲು ಒಂದು ಭಯವಿಲ್ಲದ ಜಾಗ ಬೇಕು. ಕೂಪರ್ ಮಾಡಿಕೊಟ್ಟದ್ದು ಅದನ್ನೇ.

ನಾವು ಈಗ ಥಿಯೇಟರಿನ ಪಕ್ಕದ ಕೋಣೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಏನಾಯಿತು, ಆಗ ಏನು ನಡೆಯುತ್ತಿತ್ತು, ಮುಂದೆ ಆಗದ ಹಾಗೆ ಏನು ಮಾಡಬಹುದು, ಈ ಮೂರಕ್ಕೆ ಮೂರು ಕಾಲಂ. ಹೆಸರಿಗೆ ಕಾಲಂ ಇಲ್ಲ. ತಿಂಗಳ ಮೊದಲ ಶನಿವಾರ ಎಲ್ಲರೂ ಕೂತು ಓದುತ್ತೇವೆ, ಥಿಯೇಟರಿನ ಆಯಾ ಕೂಡ. ಕಳೆದ ತಿಂಗಳು ಅದರಲ್ಲಿ ಏಳು ಇದ್ದವು. ಎರಡು ನನ್ನ ಕೈಬರಹದವು.